ಮೌನ ಮದುವೆಯ ಗಟ್ಟಿಮೇಳ

ನಮ್ಮ ಅಕ್ಕನ ಮದುವೆಗೆ ಎರಡೂ ಮನೆಯವರು ಒಪ್ಪುವಷ್ಟರಲ್ಲಿ ಚಾಮರಾಜಪೇಟೆಗೆ ಮೆಟ್ರೋ ಬಂದು, ಹಳತಾಗಿ, ‘ಇದರಲ್ಲೂ ಸೀಟು ಸಿಗಲ್ಲ ಕಣ್ರೀ’ ಎಂದು ಜನ ಗೊಣಗಲು ಶುರುಮಾಡಿದ್ದರು. ಅಕ್ಕ, ಭಾವ ಒಂದೇ ಆಫೀಸಿನವರು. ಪ್ರೀತಿ ಮಾಡುವುದಕ್ಕೆ ಅವರಿಗೆ ಒಂದು ಮಳೆಗಾಲ ಸಾಕಾಗಿತ್ತು. ಅದನ್ನು ಅರಗಿಸಿಕೊಳ್ಳಲು ನಮ್ಮ ಮನೆಗಳಿಗೆ ವರ್ಷಗಳೇ ಬೇಕಾದವು. ನಮ್ಮದು ಹಳೇ ಬಡಾವಣೆಯ ಬೇಳೆಸಾರಿನ ಮನೆ. ತಾತ ಮೇಷ್ಟ್ರು, ದೊಡ್ಡಪ್ಪ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು, ಅಪ್ಪ ಬ್ಯಾಂಕಿನ ಗುಮಾಸ್ತರು, ನಾನು ಮಿಮಿಕ್ರಿ ಕಲಾವಿದ. ವಂಶ ಯಾವ ದಿಕ್ಕಿಗೆ ಹೊರಟಿದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಭಾವನದು ಮುದ್ದೆ ಮನೆ. ಮಲ್ಲೇಶ್ವರದಲ್ಲಿ ಮೂರಂತಸ್ತಿನ ಕಟ್ಟಡ, ಊರ ಕಡೆ ಹೊಲ, ಇಲ್ಲಿ ಸೈಟು ವ್ಯವಹಾರ, ಮಧ್ಯೆ ಸಿಕ್ಕ ಸಮಯದಲ್ಲಿ ಭಾವನ ಅಪ್ಪನಿಗೆ ಒಂದಿಷ್ಟು ರಾಜಕೀಯ.

ಎರಡೂ ಕಡೆಯವರಲ್ಲಿ ಕೊನೆಗೆ ಒಪ್ಪಿದವಳು ನಮ್ಮ ಅಜ್ಜಿ. ಅವಳು ಒಪ್ಪುವ ಮುಂಚೆ ಮಾತಾಡದೆ ಇದ್ದದ್ದು ಎಷ್ಟು ತಿಂಗಳೋ. ಆಮೇಲೆ ಒಂದು ದಿನ ಅಕ್ಕನನ್ನು ಕರೆದು, “ಹುಡುಗ ಕಾಫಿ ಕುಡಿದ ಲೋಟ ತಾನೇ ಎತ್ತಿಟ್ಟ. ಆಯ್ತು, ಮಾಡ್ಕೋ ಹೋಗು” ಎಂದಳು. ನಮ್ಮ ಮನೆಯ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದದ್ದು ಹೀಗೆ.

ಮದುವೆಗೆ ಒಂದು ವಾರವಿರುವಾಗ ಉತ್ತರದ ಒಂದು ಊರಿನಲ್ಲಿ ಬಂದೂಕು ಹಿಡಿದವರು ನುಗ್ಗಿ, ತಮ್ಮ ಪಾಡಿಗೆ ತಾವಿದ್ದ ಜನರನ್ನು ಕೊಂದರು. ಆ ಸಂಜೆ ನಮ್ಮ ಮನೆಯಲ್ಲಿ ಯಾರೂ ಜಾಣತನ ತೋರಿಸಲಿಲ್ಲ. ಟಿವಿ ಮುಂದೆ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮನ ಕೈ ನಿಂತೇಹೋಗಿತ್ತು. ಪರದೆಯ ಮೇಲೆ, ಆಸ್ಪತ್ರೆಯ ಹೊರಗೆ ಒಬ್ಬ ಮುದುಕ ಯಾರದೋ ಚಪ್ಪಲಿ ಹಿಡಿದುಕೊಂಡು ನಿಂತಿದ್ದ. ಅಪ್ಪ ಎದ್ದು ಟಿವಿ ಆರಿಸಿದರು. ಅಷ್ಟೇ. ದುಃಖ ಎಂದರೆ ಅದೇ ಇರಬೇಕು. ಬೆಳಗಾಗುವಷ್ಟರಲ್ಲಿ ಅದು ಕಮಿಟಿಯ ಕೈಗೆ ಹೋಯಿತು.

ಕಮಿಟಿ ಅಂದರೆ ನಮ್ಮ ದೊಡ್ಡಪ್ಪ. ಬಡಾವಣೆಯ ನಿವಾಸಿಗಳ ಸಂಘಕ್ಕೆ ಅವರೇ ಅಧ್ಯಕ್ಷರು, ಅವರೇ ಮೈಕು. ಮೇಣದಬತ್ತಿ ಮೆರವಣಿಗೆ ಎಂದು ಘೋಷಿಸಿದರು. ಅಷ್ಟರಲ್ಲಿ ಬಸವನಗುಡಿಯವರು ನಮಗಿಂತ ಒಂದು ದಿನ ಮೊದಲೇ ಮೆರವಣಿಗೆ ಮುಗಿಸಿದ್ದಾರೆಂಬ ಸುದ್ದಿ ಬಂತು. ದೊಡ್ಡಪ್ಪನ ಮುಖದಲ್ಲಿ ನಾನು ಮೊದಲ ಸಲ ನಿಜವಾದ ನೋವು ಕಂಡೆ.

“ಅವರದ್ದು ಎಷ್ಟು ಜನ ಇದ್ರಂತೆ?” ಎಂದು ನನ್ನನ್ನು ಕೇಳಿದರು.

“ರಸ್ತೆ ತುಂಬ ಇದ್ರಂತೆ ದೊಡ್ಡಪ್ಪ. ಆದ್ರೆ ಅರ್ಧ ಜನ ದೋಸೆ ತಿನ್ನೋಕೆ ಬಂದಿದ್ದವರು, ಹೋಟೆಲ್ ಕ್ಯೂನಲ್ಲೇ ಸೇರಿಸ್ಕೊಂಡ್ರಂತೆ.”

“ಹಾಗೆ ಹೇಳು!” ಅವರಿಗೆ ಸ್ವಲ್ಪ ಸಮಾಧಾನವಾಯಿತು. ದೋಸೆಯ ವಿಷಯ ನಾನು ಕಟ್ಟಿದ್ದು, ಆದರೆ ಗಾಯಕ್ಕೆ ಏನಾದರೂ ಹಚ್ಚಬೇಕಲ್ಲ.

ನಮ್ಮ ಮೆರವಣಿಗೆಯ ಹೊತ್ತಿಗೆ ಅಂಗಡಿಗಳಲ್ಲಿ ಬಿಳಿ ಮೇಣದಬತ್ತಿ ಖಾಲಿ. ಉಳಿದದ್ದು ಹುಟ್ಟುಹಬ್ಬದ ಕೇಕಿಗೆ ಚುಚ್ಚುವ ಗುಲಾಬಿ ಬತ್ತಿಗಳು. ಅವನ್ನೇ ಹಿಡಿದುಕೊಂಡು, ಬೆರಳು ಸುಟ್ಟುಕೊಳ್ಳುತ್ತ, ಘನಗಂಭೀರವಾಗಿ ನಡೆದೆವು. ನನ್ನ ಕೈಯಲ್ಲಿದ್ದದ್ದು ಸಂಖ್ಯೆಯ ಆಕಾರದ್ದು. ದೇಶಕ್ಕಾಗಿ ನಾನು ಒಂದು ಉರಿಯುವ ‘7’ ಹಿಡಿದು ಹೋದವನು ಎಂಬುದನ್ನು ಚರಿತ್ರೆ ಮರೆಯಬಾರದು.

ಮೆರವಣಿಗೆಯ ಹುರುಪು ಮಾರನೆಯ ದಿನ ಮದುವೆಗೆ ಹತ್ತಿಕೊಂಡಿತು. ಹಂಚದೆ ಉಳಿದ ಆಹ್ವಾನ ಪತ್ರಿಕೆಗಳಿಗೆಲ್ಲ ತ್ರಿವರ್ಣದ ಸ್ಟಿಕ್ಕರು ಅಂಟಿಸಬೇಕೆಂದು ದೊಡ್ಡಪ್ಪ ನನ್ನನ್ನು ಸುಲ್ತಾನ್‌ಪೇಟೆಗೆ ಓಡಿಸಿದರು. ಕಾರ್ಡಿನ ಅಂಗಡಿಯವನು ನನ್ನನ್ನು ನೋಡಿದ ಕೂಡಲೇ, “ಸ್ಟಿಕ್ಕರ್ ಅಲ್ವಾ ಸಾರ್? ಗಣೇಶನ ಪಕ್ಕಕ್ಕೋ, ಕೆಳಗೋ?” ಎಂದ. ನಮ್ಮಂಥ ದೇಶಭಕ್ತರು ಬೆಳಗಿನಿಂದ ಸಾಲುಗಟ್ಟಿದ್ದರಂತೆ.

ಸ್ಟಿಕ್ಕರು ಮೂಲೆಯಲ್ಲಿ ಅಂಟಿತು. ಅಜ್ಜಿ ಅಭ್ಯಾಸದಂತೆ ಅರಿಶಿನದ ಬಟ್ಟಲು ಹಿಡಿದು ಕೂತು ಪ್ರತಿ ಪತ್ರಿಕೆಯ ನಾಲ್ಕು ಮೂಲೆಗೂ ಹಚ್ಚಿದಳು. ಅರಿಶಿನ ನೇರವಾಗಿ ಬಾವುಟದ ಮೇಲೆ ಬಿತ್ತು.

“ಅಮ್ಮಾ! ಅದು ಅವಮಾನ!” ದೊಡ್ಡಪ್ಪ ಚೀರಿದರು.

“ಅರಿಶಿನ ಹಚ್ಚಿದ್ರೆ ಅವಮಾನವಾ? ಹಾಗಾದ್ರೆ ನಿನ್ನ ಹೆಂಡತಿ ಕೆನ್ನೆಗೂ ಹಚ್ಚಿದ್ದೆ, ಆವಾಗ ಯಾಕೆ ಸುಮ್ಮನಿದ್ದೆ?”

ದೊಡ್ಡಪ್ಪ ಯೋಚಿಸುತ್ತಿದ್ದಾಗಲೇ ಅಜ್ಜಿ ಇಡೀ ಕಟ್ಟು ಮುಗಿಸಿದಳು.

ಇಷ್ಟರವರೆಗೆ ಎಲ್ಲ ನಗೆಯ ವಿಷಯವೇ. ಆಮೇಲೆ ಬೀಗರ ವಿಡಿಯೋ ಬಂತು.

ಭಾವನ ಅಪ್ಪ ತಮ್ಮ ಮನೆಯ ಸೋಫಾದಲ್ಲಿ ಕೂತು, ಬಿಳಿ ಅಂಗಿ ಹಾಕಿಕೊಂಡು ಕ್ಯಾಮೆರಾ ನೋಡುತ್ತ ಹೀಗೆ ಹೇಳಿದ್ದರು: “ದೇಶ ಅಳ್ತಾ ಇರೋವಾಗ ನಮ್ಮ ಮನೇಲಿ ವಾಲಗ ಊದಲ್ಲ. ನನ್ನ ಮಗನ ಮದುವೆ ಪೂರ್ತಿ ಮೌನವಾಗಿ ನಡೀತದೆ.” ಮೌನದ ಬಗ್ಗೆ ಮಾಡಿದ ಆ ವಿಡಿಯೋದ ಹಿನ್ನೆಲೆ ಸಂಗೀತ ಎಷ್ಟು ಜೋರಾಗಿತ್ತೆಂದರೆ ಮಾತು ಹಿಡಿಯಲು ನಾನು ಎರಡು ಸಲ ಕೇಳಬೇಕಾಯಿತು. ಸಾಯಂಕಾಲದೊಳಗೆ ಅದು ಗ್ರೂಪಿನಿಂದ ಗ್ರೂಪಿಗೆ ಹಾರಿ ಅವರ ಪಕ್ಷದ ನಾಯಕರೊಬ್ಬರನ್ನು ಮುಟ್ಟಿತು. ನಾಯಕರು ಇಂಥ ಮದುವೆಗೆ ತಾವು ಖುದ್ದಾಗಿ ಬರುವುದಾಗಿ ಹೇಳಿಕಳಿಸಿದರು. ಇನ್ನು ಬ್ರಹ್ಮನೇ ಬಂದರೂ ಮಾತು ಹಿಂತೆಗೆಯುವ ಹಾಗಿರಲಿಲ್ಲ.

ಬೀಗರು ಆ ರಾತ್ರಿಯೇ ನಮ್ಮ ಮನೆಗೆ ಬಂದರು. ದೊಡ್ಡಪ್ಪ ಹಿಂದೆ ಬೀಳುವವರಲ್ಲ.

“ನಾವೂ ತೀರ್ಮಾನಿಸಿದ್ದೆವು ಬೀಗರೇ. ಮುಹೂರ್ತಕ್ಕೆ ಮುಂಚೆ ಎರಡು ನಿಮಿಷ ಮೌನಾಚರಣೆ.”

“ಎರಡು ನಿಮಿಷ ಯಾವ ಮೂಲೆಗೆ ಸಾಕು ಯಜಮಾನ್ರೇ? ನಾವು ಐದು ಅಂದ್ಕೊಂಡಿದ್ವಿ.”

“ಐದು ನಮ್ಮ ಮನಸ್ಸಲ್ಲೂ ಇತ್ತು. ಹತ್ತು ಇಟ್ಟುಕೊಳ್ಳೋಣ. ಜೊತೆಗೆ ಅದರ ಮಹತ್ವದ ಬಗ್ಗೆ ನನ್ನದೊಂದು ಪುಟ್ಟ ಭಾಷಣ.”

“ಹತ್ತೂ ಬ್ಯಾಡ, ಹದಿನೈದೂ ಬ್ಯಾಡ. ವಿಡಿಯೋ ನೋಡಿದ್ರಲ್ಲ? ಇಡೀ ಮದುವೆನೇ ಮೌನ.”

ಹರಾಜು ಮುಗಿಯಿತು. ಇಡೀ ಮದುವೆಗಿಂತ ದೊಡ್ಡದು ದೊಡ್ಡಪ್ಪನ ಹತ್ತಿರ ಏನೂ ಉಳಿದಿರಲಿಲ್ಲ. ಬೆವರು ಒರೆಸಿಕೊಂಡು, “ಊಟ ಮಾತ್ರ…?” ಎಂದರು.

“ಊಟಕ್ಕೂ ದೇಶಕ್ಕೂ ಏನ್ ಸಂಬಂಧ ಯಜಮಾನ್ರೇ? ಹೋಳಿಗೆ ಇರ್ಲಿ. ತುಪ್ಪಕ್ಕೆ ಮೋಸ ಮಾಡ್ಬೇಡಿ.”

ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಯಾರೂ ನೋಡಿರಲಿಲ್ಲ.

“ತಾಳಿ ಕಟ್ಟೋವಾಗ ಗಟ್ಟಿಮೇಳ ಇರತ್ತೆ ತಾನೆ?”

ಬೀಗರು ಕೈಮುಗಿದು, “ಇಲ್ಲ ತಾಯಿ. ನಾಯಕರು ಎದುರಿಗೇ ಕೂತಿರ್ತಾರೆ. ಎಲ್ಲರ ಮುಂದೆ ಮಾತು ಹೇಳ್ಬಿಟ್ಟಿದೀನಿ” ಎಂದರು.

“ಹಾಗಾದ್ರೆ ನಾನು ಬರಲ್ಲ” ಎಂದು ಅಜ್ಜಿ ಒಳಗೆ ಹೋದಳು.

ಮಾಂಗಲ್ಯ ಕಟ್ಟುವ ಗಳಿಗೆಯಲ್ಲಿ ಪುರೋಹಿತರು ಕೈಯೆತ್ತಿ ಕೂಗುವುದು, ವಾಲಗದವರು ಉಸಿರುಗಟ್ಟಿ ಊದುವುದು, ಡೋಲು ಕಿವಿ ಹರಿಯುವ ಹಾಗೆ ಬಡಿಯುವುದು ಸುಮ್ಮನೆ ಅಲ್ಲ ಎನ್ನುವುದು ಅಜ್ಜಿಯ ವಾದ. ಆ ಒಂದು ಗಳಿಗೆಯಲ್ಲಿ ಯಾರದೋ ಸೀನು, ಯಾರದೋ ಅಳು, ಯಾರದೋ ಹಾಳು ಮಾತು ಹುಡುಗಿಯ ಕಿವಿಗೆ ಬೀಳಬಾರದು. ಅದಕ್ಕೇ ಆ ಗದ್ದಲ. ಇದನ್ನು ನಾನು ಹಿಂದೆಲ್ಲ ಬೇಕಾದಷ್ಟು ಗೇಲಿ ಮಾಡಿದ್ದೆ. ಅತ್ತೆಯ ಎದುರು ಮಾತ್ರ ಮಾಡುತ್ತಿರಲಿಲ್ಲ. ಅಪ್ಪನ ತಂಗಿ ಅವಳು, ನಮ್ಮ ಜೊತೆಯೇ ಇರುವುದು. ಅವಳ ಮದುವೆಯ ದಿನ ಯಾರೋ ದೊಡ್ಡ ಮನುಷ್ಯರು ತೀರಿಕೊಂಡು ಊರೆಲ್ಲ ಬಂದ್ ಆಗಿತ್ತಂತೆ. ವಾಲಗ ಊದಿದರೆ ಕಲ್ಲು ಬೀಳುತ್ತದೆಂದು ಹೆದರಿ ಬಾಗಿಲು ಹಾಕಿಕೊಂಡು, ಪಿಸುಪಿಸು ಮಂತ್ರದಲ್ಲಿ ತಾಳಿ ಕಟ್ಟಿಸಿದ್ದರಂತೆ. ವರ್ಷ ತುಂಬುವುದರೊಳಗೆ ಮಾವ ಹೋದರು. ಹೃದಯದ ಕಾಯಿಲೆ. ಅದಕ್ಕೂ ವಾಲಗಕ್ಕೂ ಸಂಬಂಧವಿಲ್ಲ ಎಂದು ಎಲ್ಲರಿಗೂ ಗೊತ್ತು. ಅಜ್ಜಿಗೂ ಗೊತ್ತು. ಗೊತ್ತಿರುವುದೇ ಬೇರೆ, ಭಯವೇ ಬೇರೆ.

ದೊಡ್ಡಪ್ಪ ಅಡುಗೆಮನೆಗೆ ಹೋಗಿ ದೇಶದ ಬಗ್ಗೆ ಶುರುಮಾಡಿದರು. ಅಜ್ಜಿ ಅವರನ್ನು ನಡುವೆಯೇ ನಿಲ್ಲಿಸಿದಳು.

“ನಂಗೆ ದೇಶ ಹೇಳ್ಕೊಡಬೇಡ. ಸತ್ತೋರಿಗೆ ನಾನೂ ಅತ್ತಿದೀನಿ. ದೇವರ ಮುಂದೆ ದೀಪ ಹಚ್ಚಿದೀನಿ, ಅದನ್ನ ಯಾರಿಗೂ ವಿಡಿಯೋ ಮಾಡಿ ಕಳಿಸಲಿಲ್ಲ ಅಷ್ಟೇ. ಆ ಸತ್ತ ಮಕ್ಕಳ ಮದುವೇಲೂ ಅವರಮ್ಮಂದಿರು ವಾಲಗ ಊದಿಸಿರ್ತಾರೆ ಕಣೋ. ಒಳ್ಳೇದಾಗ್ಲಿ ಅಂತಾನೇ ಊದಿಸಿರ್ತಾರೆ.”

ದೊಡ್ಡಪ್ಪ ಭಾಷಣದ ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಹೊರಗೆ ಬಂದರು.

ಅಕ್ಕ ಹಟ ಹಿಡಿದಳು: ಅಜ್ಜಿ ಬಾರದಿದ್ದರೆ ತಾನು ಹಸೆಮಣೆಯ ಮೇಲೆ ಕೂರುವುದಿಲ್ಲ. ಬೀಗರ ಕಡೆಯಿಂದ ಸುದ್ದಿ ಬಂತು: ವಾಲಗದ ಸದ್ದು ಕೇಳಿದರೆ ತಾವು ಛತ್ರದೊಳಗೆ ಕಾಲಿಡುವುದಿಲ್ಲ. ಭಾವನಿಗೆ ಫೋನ್ ಮಾಡಿದರೆ, “ನಮ್ಮಪ್ಪಂಗೆ ಹೇಳೋ ಧೈರ್ಯ ನಂಗಿಲ್ಲ ಮಗಾ” ಎಂದ. ಭಾವ ಒಳ್ಳೆಯ ಮನುಷ್ಯ, ಅಪ್ಪನ ಎದುರು ಮಾತ್ರ ಸೈಲೆಂಟ್ ಮೋಡ್. ವರ್ಷಗಟ್ಟಲೆ ಕಾದು ಒಂದಾಗಿದ್ದ ಎರಡು ಮನೆಗಳು ರಾಷ್ಟ್ರೀಯ ಏಕತೆಯ ಹೆಸರಿನಲ್ಲಿ ಮುರಿದುಬೀಳುವ ಎಲ್ಲ ಲಕ್ಷಣಗಳೂ ಕಂಡವು.

ಮಾರನೆಯ ಬೆಳಿಗ್ಗೆ ನಾನು ಮನೆಯವರನ್ನು ನಗಿಸಲು ಬೀಗರ ದನಿಯಲ್ಲಿ ಇಡ್ಲಿ ಕೇಳುತ್ತಿದ್ದೆ: “ದೇಶ ಮೊದ್ಲು, ಚಟ್ನಿ ಆಮೇಲೆ!” ಯಾರೂ ನಗಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ರಾತ್ರಿ ನಿದ್ದೆ ಮಾಡಿದ ಕಣ್ಣಲ್ಲ.

“ಲೇ, ನಿಂಗೆ ಬಾಯಲ್ಲಿ ವಾಲಗ ಊದೋಕೆ ಬರತ್ತಲ್ಲ?”

“ಬರತ್ತೆ. ಕುಕ್ಕರ್ ವಿಷಲ್ಲೂ ಬರತ್ತೆ, ಮೆಟ್ರೋ ಬಾಗಿಲೂ ಬರತ್ತೆ. ಯಾವುದು ಬೇಕು?”

“ಆಟ ಆಡಬೇಡ. ಬೀಗರು ವಾಲಗ ಬೇಡ ಅಂದಿದಾರೆ, ಬಾಯಿ ಬೇಡ ಅಂದಿಲ್ಲ. ಇಷ್ಟು ವರ್ಷ ಎಲ್ಲರನ್ನೂ ಗೋಳುಹುಯ್ಕೊಂಡಿದೀಯ, ಒಂದ್ಸಲ ಉಪಯೋಗಕ್ಕೆ ಬಾ.”

ಅಡುಗೆಮನೆಯಲ್ಲಿ ಅಜ್ಜಿಯ ಎದುರು ಪರೀಕ್ಷೆ ನಡೆಯಿತು. ನಾನು ಮೂಗು ಬಿಗಿಹಿಡಿದು, ಕೆನ್ನೆ ಉಬ್ಬಿಸಿ, ಕಣ್ಣು ಹೊರಗೆ ಬರುವ ಹಾಗೆ ಊದಿದೆ. ಗಣೇಶನ ಪೆಂಡಾಲುಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಅಜ್ಜಿ ತಲೆಯಾಡಿಸಲೂ ಇಲ್ಲ.

“ಡೋಲು ಎಲ್ಲಿ?”

“ಒಂದೇ ಬಾಯಿ ಅಜ್ಜಿ. ಊದಲೋ, ಬಡೀಲೋ?”

“ಬರೀ ಊದಿದ್ರೆ ಹಾವಾಡಿಸೋರ ಥರ ಇದೆ. ಜೋರಾಗಿ ಊದು. ಇನ್ನೂ ಜೋರಾಗಿ.”

ಮೂರನೆಯ ಸಲಕ್ಕೆ ಪಕ್ಕದ ಮನೆಯವರು ಕಿಟಕಿ ತೆಗೆದು, “ವಾಲಗ ಇಲ್ಲ ಅಂದಿದ್ರಿ?” ಎಂದು ಕೇಳಿದರು. ಅದೇ ಪ್ರಮಾಣಪತ್ರವಾಯಿತು. ಅಜ್ಜಿಗೆ ಇನ್ನೊಂದು ಅನುಮಾನ, ಶಾಸ್ತ್ರಕ್ಕೆ ಇದು ನಡೆಯುತ್ತದೆಯೇ ಎಂದು. ಪುರೋಹಿತರಿಗೆ ಫೋನ್ ಹೋಯಿತು. ಅವರು ಅರ್ಧ ಶತಮಾನದಿಂದ ಬೆಂಗಳೂರಿನ ಜನಗಳ ಜೊತೆ ಹೆಣಗಿದವರು. “ಮಂಗಳವಾದ್ಯ ಅಂತ ಇದೆ ತಾಯಿ. ಅದು ಬಾಯಿಂದ ಬರಬಾರದು ಅಂತ ಎಲ್ಲೂ ಇಲ್ಲ. ಮುಹೂರ್ತ ತಪ್ಪಿಸಬೇಡಿ, ನಂಗೆ ಅವತ್ತು ಇನ್ನೊಂದು ಮದುವೆ ಇದೆ” ಎಂದರು. ಅಜ್ಜಿ ಎದ್ದು ತನ್ನ ಹಸಿರು ರೇಷ್ಮೆ ಸೀರೆ ಬಿಸಿಲಿಗೆ ಹಾಕಿದಳು. ಬೀಗರಿಗೆ ಈ ವಿಷಯ ಹೇಳುವ ಕೆಲಸವನ್ನು ಎಲ್ಲರೂ ಎಲ್ಲರಿಗೂ ಒಪ್ಪಿಸಿದೆವು. ಆದ್ದರಿಂದ ಯಾರೂ ಹೇಳಲಿಲ್ಲ.

ಮದುವೆ ಬಸವನಗುಡಿಯ ಛತ್ರವೊಂದರಲ್ಲಿ. ಬಾಗಿಲಲ್ಲಿ ಎರಡು ಫ್ಲೆಕ್ಸುಗಳು: ನಮ್ಮ ಕಡೆಯದು ಸಣ್ಣದು, ಅವರ ಕಡೆಯದು ಛತ್ರದಷ್ಟೇ ದೊಡ್ಡದು. ಅದರಲ್ಲಿ ಮೇಲ್ಗಡೆ ನಾಯಕರು, ಅವರ ಕೆಳಗೆ ಬೀಗರು, ಮೂಲೆಯಲ್ಲಿ ಸತ್ತವರಿಗೆ ನಮನ, ಇನ್ನೂ ಜಾಗ ಉಳಿದದ್ದರಿಂದ ಮದುಮಕ್ಕಳು. ವಾಲಗವಿಲ್ಲದ ಮದುವೆಮನೆ ಹೇಗಿರುತ್ತದೆಂದು ಅವತ್ತೇ ಗೊತ್ತಾದದ್ದು. ಎಲ್ಲರ ಪಿಸುಮಾತೂ ಎಲ್ಲರಿಗೂ ಕೇಳಿಸುತ್ತಿತ್ತು. “ಹುಡುಗಿ ಸ್ವಲ್ಪ ದಪ್ಪ ಆಗಿದಾಳೆ ಅಲ್ವಾ?” ಎಂದು ಹಿಂದಿನ ಸಾಲಿನಲ್ಲಿ ಯಾರೋ ಹೇಳಿದ್ದು ಮಂಟಪದವರೆಗೂ ಹೋಯಿತು. ಅಕ್ಕ ತಿರುಗಿ ನೋಡಿದಳು. ಗಟ್ಟಿಮೇಳದ ಉಪಯೋಗ ನನ್ನಂಥವನಿಗೂ ಅರ್ಥವಾಗತೊಡಗಿತು.

ನಾಯಕರು ಬಂದರು, ಮುಂದಿನ ಸಾಲಿನಲ್ಲಿ ಕೂತರು. ದೊಡ್ಡಪ್ಪ ಮೈಕ್ ಹಿಡಿದು ಮೌನದ ಮಹತ್ವದ ಬಗ್ಗೆ ಮಾತಾಡಲು ನಿಂತರು. ಮೌನದ ಬಗ್ಗೆ ಅಷ್ಟು ಮಾತು ನಾನು ಯಾವತ್ತೂ ಕೇಳಿಲ್ಲ. ಪುರೋಹಿತರು ಗಡಿಯಾರ ತೋರಿಸಿದರು, ಕೆಮ್ಮಿದರು, ಕೊನೆಗೆ ಎದ್ದು ಮೈಕಿನ ವೈರನ್ನೇ ಕಿತ್ತರು. ಕೂತಲ್ಲೇ ಮೌನಾಚರಣೆ ಶುರುವಾಯಿತು. ನಡುವೆ ಯಾರದೋ ಜೇಬಿನಲ್ಲಿ ದೇಶಭಕ್ತಿ ಗೀತೆಯ ರಿಂಗ್‌ಟೋನ್ ಮೊಳಗಿತು. ಅದನ್ನು ಆರಿಸುವುದು ಸರಿಯೋ, ಅದಕ್ಕೂ ಎದ್ದು ನಿಲ್ಲುವುದು ಸರಿಯೋ ತಿಳಿಯದೆ ಜನ ಅರ್ಧ ಕೂತು ಅರ್ಧ ನಿಂತರು. ಕೆಳಗಿನ ಊಟದ ಹಾಲಿನಿಂದ ಎಲೆ ಹಾಕುವ ಸದ್ದು ಬರುತ್ತಿತ್ತು. ಮೌನ ಆಚರಿಸಿದವರೆಲ್ಲ ಮೊದಲ ಪಂಕ್ತಿಯಲ್ಲಿ ಜಾಗ ಸಿಗದವರು ಎಂದು ನನ್ನ ಅನುಮಾನ.

ಆಮೇಲೆ ಮಾಂಗಲ್ಯದ ತಟ್ಟೆ ಎಲ್ಲರ ಕೈಮುಟ್ಟಿ ಮಂಟಪಕ್ಕೆ ಬಂತು. ಸುಮ್ಮನೆ ಕೈಸನ್ನೆ ಮಾಡಿದರೆ ಸಾಕೆಂದು ಪುರೋಹಿತರಿಗೆ ಹೇಳಿಟ್ಟಿದ್ದೆವು. ಅವರ ಕೈ ಎದ್ದಿತು. ಅಭ್ಯಾಸಬಲದಿಂದ ಬಾಯಿಯೂ ಎದ್ದಿತು.

“ಗಟ್ಟಿಮೇಳ! ಗಟ್ಟಿಮೇಳ!”

ನಾಯಕರು ಹುಬ್ಬೇರಿಸಿದರು. ಬೀಗರ ಮುಖದ ಬಣ್ಣ ಹೋಯಿತು. ಭಾವ ತಾಳಿ ಹಿಡಿದುಕೊಂಡು ಅಲ್ಲಾಡದೆ ನಿಂತ. ನಾನು ಬಾಯಿ ತೆರೆದೆ. ಗಾಳಿ ಬಂತು, ದನಿ ಬರಲಿಲ್ಲ.

ಅಜ್ಜಿ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ನಿಂತಿದ್ದಳು. ಮದುಮಗಳನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಅತ್ತೆ, ಕಂಬಕ್ಕೆ ಒರಗಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು.

ಆಗ ಬಂತು. ಪೆಂಡಾಲಿನಲ್ಲಿ ಊದುತ್ತಿದ್ದ ವಾಲಗವಲ್ಲ, ಗಂಟಲು ಹರಿದುಕೊಂಡು ಬಂದ ಒರಟು ಸದ್ದು. ರಾಗವಿಲ್ಲ, ತಾಳವಿಲ್ಲ. ಒಳ್ಳೆಯ ನಾಗಸ್ವರದವರು ಕೇಳಿದ್ದರೆ ನನ್ನ ಮೇಲೆ ಕೇಸು ಹಾಕುತ್ತಿದ್ದರು. ಜನ ತಿರುಗಿ ನೋಡಿದರು. ಎಲ್ಲೋ ಒಬ್ಬರು ನಕ್ಕರು. ನನ್ನ ಉಸಿರು ಮುಗಿಯುತ್ತ ಬಂತು. ಭಾವನ ಬೆರಳು ಮೊದಲ ಗಂಟಿನಲ್ಲೇ ತಡವರಿಸುತ್ತಿತ್ತು.

ಡೋಲು ಬಡಿದದ್ದು ಆಗ. ತಿರುಗಿ ನೋಡಿದರೆ ಬೀಗರು. ಅಕ್ಷತೆಯ ಸ್ಟೀಲ್ ತಟ್ಟೆಯನ್ನು ಮಗುಚಿ, ಅಕ್ಷತೆಯೆಲ್ಲ ತಮ್ಮ ಬಿಳಿ ಪಂಚೆಯ ಮೇಲೆ ಚೆಲ್ಲಿಕೊಂಡು, ತಟ್ಟೆಯ ಬೆನ್ನಿಗೆ ಎರಡೂ ಕೈಯಲ್ಲಿ ಬಡಿಯುತ್ತಿದ್ದರು. ಮುಖ ಕೆಂಪಗಾಗಿತ್ತು. ನಾಯಕರ ಕಡೆ ನೋಡಲೇ ಇಲ್ಲ. “ಊದೋ ತಮ್ಮಾ! ನಿಲ್ಲಿಸ್ಬೇಡ! ಊದು!” ಎಂದು ಕೂಗಿದರು. ದೊಡ್ಡಪ್ಪ ಕುರ್ಚಿಯ ಬೆನ್ನು ಹಿಡಿದುಕೊಂಡು ಬಡಿಯತೊಡಗಿದರು. ಬೀಗರಿಗಿಂತ ಜೋರಾಗಿ, ಅದರಲ್ಲೂ ಪೈಪೋಟಿಯೇ. ಹೆಂಗಸರು ಚಪ್ಪಾಳೆ ತಟ್ಟಿದರು, ಮಕ್ಕಳು ಕಿರುಚಿದರು. ಆ ಗದ್ದಲದಲ್ಲಿ ಒಂದು ಸೀನಲ್ಲ, ಒಂದು ಬಾಂಬು ಸಿಡಿದಿದ್ದರೂ ಅಕ್ಕನ ಕಿವಿಗೆ ಬೀಳುತ್ತಿರಲಿಲ್ಲ. ಮೂರನೆಯ ಗಂಟು ಬಿತ್ತು. ಅಜ್ಜಿಯ ಅಕ್ಷತೆ ನನ್ನ ತಲೆಯ ಮೇಲೂ ಬಿತ್ತು. ಅತ್ತೆ ಕಣ್ಣು ಬಿಟ್ಟಳು.

ನಾಯಕರು ದೊಡ್ಡ ಮನುಷ್ಯರು, ಸನ್ನಿವೇಶ ಅರಿತವರು. ಎದ್ದು ನಿಂತು ಅವರೂ ಚಪ್ಪಾಳೆ ತಟ್ಟಿದರು. ಹೋಳಿಗೆಗೆ ತುಪ್ಪ ಎರಡು ಸಲ ಹಾಕಿಸಿಕೊಂಡರೆಂದು ಬಡಿಸಿದವರು ಹೇಳಿದರು.

ಎರಡು ದಿನ ಬಿಟ್ಟು ಬೀಗರ ಕಡೆಯ ಗ್ರೂಪಿನಿಂದ ಮದುವೆಯ ವಿಡಿಯೋ ಬಂತು. ‘ದೇಶಕ್ಕಾಗಿ ಒಂದು ಮೌನ ವಿವಾಹ’ ಎಂದು ತಲೆಬರಹ. ಸದ್ದನ್ನೆಲ್ಲ ತೆಗೆದುಹಾಕಿ, ಮೇಲೆ ಕೊಳಲು ಕೂರಿಸಿದ್ದರು. ಅದರಲ್ಲಿ ನಾನು ನೀರಿನಿಂದ ಹೊರಬಿದ್ದ ಮೀನಿನ ಹಾಗೆ ಬಾಯಿ ಬಿಡುತ್ತೇನೆ. ದೊಡ್ಡಪ್ಪ ಕುರ್ಚಿಗೆ ಪೂಜೆ ಮಾಡುವ ಹಾಗೆ ಕಾಣುತ್ತಾರೆ. ಕೆಳಗೆ ಸಾಲುಸಾಲು ಮೆಚ್ಚುಗೆ: ಎಂಥ ಸಂಯಮ, ಎಂಥ ಗಾಂಭೀರ್ಯ. ದೊಡ್ಡಪ್ಪ ಅದನ್ನು ಬಸವನಗುಡಿಯ ಸಂಘದವರಿಗೆ ತಾವೇ ಕಳಿಸಿದರು.

ಆ ಭಾನುವಾರ ಬೀಗರು ಅಕ್ಕನನ್ನೂ ಭಾವನನ್ನೂ ಕರೆದುಕೊಂಡು ಊಟಕ್ಕೆ ಬಂದರು. ಎಲ್ಲರೂ ಒಳಗೆ ಎಲೆ ಹಾಕುತ್ತಿದ್ದಾಗ ನನ್ನನ್ನು ಜಗಲಿಗೆ ಕರೆದರು. ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿದರು.

“ತಮ್ಮಾ, ನೀವು ಯಾರಾದ್ರೂ ಮೊಬೈಲಲ್ಲಿ ತಾಳಿ ಕಟ್ಟೋದು ತೆಗ್ದಿದ್ರಾ? ಸೌಂಡ್ ಇರೋದು?”

“ಯಾಕೆ ಸಾರ್? ಡಿಲೀಟ್ ಮಾಡಿಸ್ಬೇಕಾ?”

“ಥೂ, ಡಿಲೀಟ್ ಯಾಕೆ? ನಂಗೆ ಕಳ್ಸು.” ಒಮ್ಮೆ ಗಂಟಲು ಸರಿಮಾಡಿಕೊಂಡರು. “ಗ್ರೂಪಿಗೆ ಹಾಕ್ಬೇಡ. ಮನೇಲಿ ನೋಡೋದಕ್ಕೆ.”